ಠಾಣೆಯ ಮೆಟ್ಟಿಲು ಮತ್ತು ನಿಮಿಷಗಳ ಲೆಕ್ಕ

"ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ನೀವೂ ಕಂಡಿರುತ್ತೀರಿ. ಆಸ್ಪತ್ರೆ, ಕೋರ್ಟು, ಠಾಣೆ ಈ ಮೂರರ ಮೆಟ್ಟಿಲನ್ನೂ ಹತ್ತದೆ ಬಾಳಿದವನೇ ಪುಣ್ಯವಂತ ಎಂದು ಹಿರಿಯರು ಹೇಳುವುದುಂಟು. ಊಟಕ್ಕೆ ಹಠ ಮಾಡುವ ಮಗುವಿಗೆ "ನೋಡು, ಪೊಲೀಸ್ ಬಂದ, ಹಿಡಿದುಕೊಂಡು ಹೋಗ್ತಾನೆ" ಎಂದು ಹೆದರಿಸಿ ತುತ್ತು ತಿನ್ನಿಸುವುದಂತೂ ಮನೆಮನೆಯ ಸಂಗತಿ. ಗುಮ್ಮ ಹೋಗಿ ಆ ಜಾಗಕ್ಕೆ ಪೊಲೀಸ್ ಬಂದಿದ್ದಾನೆ, ಅಷ್ಟೇ!

ಈ ಅಂಜಿಕೆ ಕಾರಣವಿಲ್ಲದೆ ಹುಟ್ಟಿದ್ದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲವೆಂದು ನಿಂತಾಗ ಅವರ ಹೊಲಮನೆಗಳು ಜಪ್ತಿಯಾದವು. ಆ ಕಾಲದಲ್ಲಿ ಪೊಲೀಸ್ ಎಂದರೆ ಪರಕೀಯ ಸರ್ಕಾರದ ಲಾಠಿ. ಅಜ್ಜ ಕಂಡ ಭಯ ಮೊಮ್ಮಗನವರೆಗೆ ಹರಿದು ಬಂದಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ಕಾನೂನು ಬದಲಾಗಿದೆ, ವ್ಯವಸ್ಥೆ ಬದಲಾಗಿದೆ, ಭಯ ಮಾತ್ರ ಹಾಗೇ ಉಳಿದಿದೆ. ಆ ಭಯಕ್ಕೆ ನಾವು ತೆರುವ ಬೆಲೆಯನ್ನು ನಿಮಿಷಗಳಲ್ಲಿ ಅಳೆಯಬಹುದು. ಅಪಘಾತವಾಗಲಿ, ನೀರಿನ ಅನಾಹುತವಾಗಲಿ, ಬ್ಯಾಂಕಿನ ಹಣ ಕಳವಾಗಲಿ, "ಪೊಲೀಸರಿಗೆ ಹೇಳೋಣವೇ, ಬೇಡವೇ" ಎಂದು ಅನುಮಾನಿಸುತ್ತ ಕುಳಿತ ಹೊತ್ತಿನಲ್ಲೇ ಉಳಿಯಬಹುದಾಗಿದ್ದುದು ಕೈಬಿಟ್ಟು ಹೋಗುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಮಕ್ಕಳು ಮತ್ತು ಪಾಲಕರು ಈ ಲೆಕ್ಕವನ್ನು ಉಳಿದವರಿಗಿಂತ ಚೆನ್ನಾಗಿ ತಿಳಿದಿರಬೇಕು. ಏಕೆಂದರೆ ಇಲ್ಲಿ ಎಲ್ಲವೂ ದೂರ. ಜಿಲ್ಲಾ ಕೇಂದ್ರವಾದ ಕಾರವಾರ ದಾಂಡೇಲಿಯಿಂದ ಸುಮಾರು ನೂರು ಕಿಲೋಮೀಟರ್, ನಡುವೆ ಘಟ್ಟದ ದಾರಿ. ದೊಡ್ಡ ಆಸ್ಪತ್ರೆ ಬೇಕೆಂದರೆ ಧಾರವಾಡಕ್ಕೋ ಹುಬ್ಬಳ್ಳಿಗೋ ಓಡಬೇಕು. ಜೋಯಿಡಾ ತಾಲೂಕಿನ ಬಹುಭಾಗ ಕಾಡು. ಒಂದು ಮಜರೆಗೂ ಇನ್ನೊಂದಕ್ಕೂ ನಡುವೆ ಮೊಬೈಲ್ ಸಿಗ್ನಲ್ ಕೂಡ ಮಾಯ. ಜನರೂ ಬಗೆಬಗೆ. ಸಿದ್ದಿಗಳು, ಗೌಳಿಗಳು, ಕುಣಬಿಗಳು, ಕಾಗದದ ಕಾರ್ಖಾನೆಗೆಂದು ದಾಂಡೇಲಿಗೆ ನಾನಾ ಕಡೆಯಿಂದ ಬಂದು ನೆಲೆಸಿದವರು, 1966ರಿಂದ ಮುಂಡಗೋಡದಲ್ಲಿ ವಾಸವಾಗಿರುವ ಟಿಬೆಟನ್ನರು. ಇಂಥ ಕಡೆ ಸಹಾಯ ಕೇಳುವುದೂ ಒಂದು ವಿದ್ಯೆ. ಅದನ್ನು ಪಾಠ ಕಲಿತಂತೆ ಮುಂಚಿತವಾಗಿಯೇ ಕಲಿತಿರಬೇಕು.

ಯಾವ ರಾಮನಗರ?

ಮೊದಲ ಪಾಠ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಇದೊಂದೇ ಸಂಖ್ಯೆ. ಕರ್ನಾಟಕದಲ್ಲಿ 2019ರಿಂದ ಈ ವ್ಯವಸ್ಥೆ ಇದೆ. ಕರೆಗೆ ಹಣವಿಲ್ಲ. ಇದು ಕೆಲಸ ಮಾಡುವ ಬಗೆಯನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು. ನೀವು ಜೋಯಿಡಾದಿಂದ 112 ಒತ್ತಿದಾಗ ಫೋನ್ ಎತ್ತುವವರು ಜೋಯಿಡಾ ಠಾಣೆಯವರಲ್ಲ. ಕರೆ ಬೆಂಗಳೂರಿನ ರಾಜ್ಯ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ವಿವರ ಬರೆದುಕೊಂಡು ಜಿಲ್ಲಾ ನಿಯಂತ್ರಣ ಕೊಠಡಿಗೂ, ನಿಮ್ಮ ಸಮೀಪದ 112 ವಾಹನದೊಳಗಿನ ಪರದೆಗೂ ದಾಟಿಸುತ್ತಾರೆ.

ಈಗ ಯೋಚಿಸಿ. ಗಾಬರಿಯಲ್ಲಿ ನೀವು "ರಾಮನಗರದಲ್ಲಿ ಆಕ್ಸಿಡೆಂಟ್ ಆಗಿದೆ, ಬೇಗ ಬನ್ನಿ" ಎಂದು ಹೇಳಿ ಫೋನ್ ಇಟ್ಟುಬಿಟ್ಟಿರಿ. ನಿಮಗೆ ರಾಮನಗರ ಎಂದರೆ ಸೂಪಾ ಅಣೆಕಟ್ಟಿನಿಂದ ಮುಳುಗಡೆಯಾದವರಿಗಾಗಿ ನೆಲೆ ಮಾಡಿಕೊಟ್ಟ, ಬೆಳಗಾವಿ-ಗೋವಾ ಹೆದ್ದಾರಿಯ ಮೇಲಿನ ನಮ್ಮ ರಾಮನಗರ. ಬೆಂಗಳೂರಿನಲ್ಲಿ ಕುಳಿತವರಿಗೆ ರಾಮನಗರ ಎಂದರೆ ಮೈಸೂರು ರಸ್ತೆಯಲ್ಲಿ ಸಿಗುವ ದೊಡ್ಡ ಊರು! ದಾಂಡೇಲಿಯಲ್ಲೂ ಗಾಂಧಿನಗರ ಇದೆ, ಬೆಂಗಳೂರಿನಲ್ಲೂ ಇದೆ. ನಮ್ಮ ಊರಿನ ಹೆಸರು ಜಗತ್ತಿಗೆಲ್ಲ ಗೊತ್ತು ಎಂಬ ಭಾವನೆ ಇಂಥ ಹೊತ್ತಿನಲ್ಲಿ ಅಪಾಯಕಾರಿ.

ಆದ್ದರಿಂದ ಹೇಳುವ ಕ್ರಮ ಹೀಗಿರಲಿ: ಮೊದಲು ಜಿಲ್ಲೆ, ನಂತರ ತಾಲೂಕು, ನಂತರ ಊರು, ಕೊನೆಗೆ ಗುರುತು. "ಉತ್ತರ ಕನ್ನಡ ಜಿಲ್ಲೆ, ಜೋಯಿಡಾ ತಾಲೂಕು, ರಾಮನಗರ, ಹೆದ್ದಾರಿಯಲ್ಲಿ ಇಂಥ ಕಿಲೋಮೀಟರ್ ಕಲ್ಲಿನ ಹತ್ತಿರ." ಆಮೇಲೆ ಏನಾಗಿದೆ, ಎಷ್ಟು ಜನರಿಗೆ ಪೆಟ್ಟಾಗಿದೆ ಎಂಬುದು. ಅವರು "ಸರಿ, ಇಡಿ" ಎನ್ನುವವರೆಗೆ ಫೋನ್ ಇಡಬಾರದು. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಹೇಳದಿದ್ದರೆ ಹುಡುಕಾಟದಲ್ಲೇ ಅರ್ಧ ಗಂಟೆ ಹೋಗಬಹುದು.

"ಮೊಬೈಲ್ ಎಲ್ಲಿದೆ ಎಂದು ಅವರಿಗೇ ಗೊತ್ತಾಗುತ್ತದಲ್ಲ ಸಾರ್?" ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಗೊತ್ತಾಗುತ್ತದೆ, ಆದರೆ ಎಷ್ಟರಮಟ್ಟಿಗೆ? ಟವರ್ ಆಧಾರದಿಂದ ಸ್ಥಳ ಗುರುತಿಸುವಾಗ ಟವರುಗಳು ಒತ್ತೊತ್ತಾಗಿರುವ ಪೇಟೆಯಲ್ಲಿ ಗುರುತು ಹೆಚ್ಚು ಖಚಿತ. ಒಂದೇ ಟವರು ಹತ್ತಾರು ಹಳ್ಳಿಗಳನ್ನು ನೋಡಿಕೊಳ್ಳುವ ಕಾಡಿನಲ್ಲಿ ಲೆಕ್ಕ ಕಿಲೋಮೀಟರುಗಳಷ್ಟು ಆಚೀಚೆ ಆಗಬಹುದು. ಇನ್ನು ಜಿ.ಪಿ.ಎಸ್. ಸುಮಾರು 20,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಸಮಯ-ಸಂಕೇತವನ್ನು ಹಿಡಿದು ಸ್ಥಳ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಅದಕ್ಕೆ ಮೊಬೈಲ್ ಸಿಗ್ನಲ್ ಬೇಕಿಲ್ಲ, ತೆರೆದ ಆಕಾಶ ಬೇಕು. ದಟ್ಟ ಮರಗಳ ಕೆಳಗೆ ನಿಂತರೆ ತಪ್ಪು ಹೆಚ್ಚುತ್ತದೆ; ಬಯಲಿಗೆ ಬಂದು ನಿಂತರೆ ಸುಧಾರಿಸುತ್ತದೆ.

ಇನ್ನೊಂದು ಸಂಗತಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಪರದೆಯ ಮೇಲೆ "ತುರ್ತು ಕರೆ ಮಾತ್ರ" ಎಂಬರ್ಥದ ಅಕ್ಷರ ಕಂಡರೆ ನಿರಾಶರಾಗಬೇಡಿ. ಬೇರೆ ಕಂಪನಿಯ ಟವರ್ ಹತ್ತಿರದಲ್ಲಿದೆ ಎಂದು ಅದರ ಅರ್ಥ. 112 ಒತ್ತಿ ನೋಡಿ. ಲಾಕ್ ಆದ ಫೋನಿನಿಂದಲೂ ತುರ್ತು ಕರೆ ಮಾಡಬಹುದು. ಹಲವು ಸ್ಮಾರ್ಟ್ ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಸಲ ಒತ್ತಿದರೆ, ಹಳೆಯ ಗುಂಡಿ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುತ್ತದೆ. ನಿಮ್ಮ ಮನೆಯ ಫೋನಿನಲ್ಲಿ ಈ ಸೌಲಭ್ಯ ಹೇಗಿದೆ ಎಂದು ಈಗಲೇ ಸೆಟ್ಟಿಂಗ್ಸ್ ತೆರೆದು ನೋಡಿಕೊಳ್ಳಿ. ಆದರೆ ಪರೀಕ್ಷೆಗೆಂದು ಸುಮ್ಮಸುಮ್ಮನೆ ಕರೆ ಮಾಡಬೇಡಿ. ನಿಮ್ಮ ತಮಾಷೆಯ ಕರೆ ನಡೆಯುತ್ತಿರುವಾಗ ಇನ್ನಾರದೋ ಪ್ರಾಣ ಕಾಯುತ್ತಿರುತ್ತದೆ.

ಒಂದೇ ನದಿ, ಎರಡು ಘಟನೆ

ಕಾಳಿ ನಮ್ಮ ಭಾಗ್ಯ. ಅದರ ನೀರಿನಿಂದ ವಿದ್ಯುತ್ತು, ಕಾರ್ಖಾನೆ, ಈಚೆಗೆ ಪ್ರವಾಸಿಗರು. ಆದರೆ 2024ರ ಏಪ್ರಿಲ್ 21ರಂದು ದಾಂಡೇಲಿ ಬಳಿಯ ಅಕೋಡಾದಲ್ಲಿ ಇದೇ ನದಿ ಹುಬ್ಬಳ್ಳಿಯಿಂದ ಬಂದಿದ್ದ ಒಂದೇ ಕುಟುಂಬದ ಆರು ಮಂದಿಯನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಮಕ್ಕಳೂ ಇದ್ದರು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಲಾರಿಯ ಚಾಲಕನನ್ನು ಪೊಲೀಸರು ಸ್ಥಳೀಯ ಮೀನುಗಾರರ ನೆರವಿನಿಂದ ಜೀವಂತವಾಗಿ ದಡಕ್ಕೆ ತಂದರು.

ನೀರಿನಲ್ಲಿ ಮುಳುಗಿದವರ ಮಿದುಳಿಗೆ ಆಮ್ಲಜನಕ ನಿಂತರೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಶಾಶ್ವತ ಹಾನಿ ಶುರುವಾಗುತ್ತದೆ. ಅಷ್ಟರಲ್ಲಿ ಯಾವ ಠಾಣೆಯ ವಾಹನವೂ ಕಾಡಿನ ನದಿಯ ದಡ ತಲುಪಲಾರದು. ಹಾಗಾಗಿ ನೀರಿನ ವಿಷಯದಲ್ಲಿ ಸಹಾಯವಾಣಿಗಿಂತ ಮುಂಜಾಗ್ರತೆ ದೊಡ್ಡದು. ಅಣೆಕಟ್ಟಿನ ಕೆಳಗಿನ ನದಿಗೆ ಮಳೆ ಬರಬೇಕೆಂದಿಲ್ಲ. ವಿದ್ಯುದಾಗಾರದಿಂದ ನೀರು ಬಿಟ್ಟರೆ ಬಿಸಿಲಿನಲ್ಲೂ ಮಟ್ಟ ಏರುತ್ತದೆ. ದಾಂಡೇಲಿಯ ಕಾಳಿಯಲ್ಲಿ ಮೊಸಳೆಗಳೂ ಇವೆ. ಪೊಲೀಸರೋ ಅರಣ್ಯದವರೋ "ಇಲ್ಲಿ ಇಳಿಯಬೇಡಿ" ಎಂದರೆ ಅದನ್ನು ಅಧಿಕಾರದ ದರ್ಪವೆಂದು ತಿಳಿಯಬೇಡಿ. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ಹಿಂದೆ ಹಾರಬಾರದು. ಒಬ್ಬರ ಹಿಂದೆ ಒಬ್ಬರು ಹಾರಿ ಸರಪಳಿಯಂತೆ ಹೋಗುವುದು ಹಾಗೆಯೇ. ಹಗ್ಗ, ಉದ್ದನೆಯ ಬಿದಿರು, ಗಾಳಿ ತುಂಬಿದ ಟ್ಯೂಬು, ಖಾಲಿ ಕ್ಯಾನು, ಕೊನೆಗೆ ಸೀರೆಯನ್ನಾದರೂ ಚಾಚಿ. ಒಬ್ಬರು ಇದನ್ನು ಮಾಡುವಾಗ ಇನ್ನೊಬ್ಬರು 112ಕ್ಕೆ ಹೇಳಲಿ.

ರಸ್ತೆಯ ಬಂಗಾರದ ಗಂಟೆ

ಪೆಟ್ಟು ಬಿದ್ದ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆಯೇ ಬಂಗಾರದ ಗಂಟೆ ಎಂದು ಗುರುತಿಸಿದೆ. ದಾಂಡೇಲಿಯಿಂದ ಧಾರವಾಡ ಸುಮಾರು 55 ಕಿಲೋಮೀಟರ್. ದಾರಿಯಲ್ಲೇ ಈ ಗಂಟೆಯ ಬಹುಪಾಲು ಮುಗಿಯುತ್ತದೆ. ಹೀಗಿರುವಾಗ ಗಾಯಾಳುವಿನ ಸುತ್ತ ಹತ್ತು ಜನ ನಿಂತು, "ಮುಟ್ಟಿದರೆ ನಮ್ಮ ಮೇಲೇ ಕೇಸು ಬರುತ್ತದೆ" ಎಂದು ಮಾತಾಡಿಕೊಳ್ಳುವುದು ಎಂಥ ಅನ್ಯಾಯ!

ಆ ಭಯಕ್ಕೆ ಈಗ ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಆ ಕಾರಣಕ್ಕೆ ಮೊಕದ್ದಮೆ ಹೂಡುವಂತಿಲ್ಲ. ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಪ್ರಾಣ ಉಳಿಸಿದವರಿಗೆ ಕೇಂದ್ರ ಸರ್ಕಾರ 2025ರಿಂದ 25,000 ರೂಪಾಯಿ ಬಹುಮಾನವನ್ನೂ ಇಟ್ಟಿದೆ. ಅದೇ ವರ್ಷ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆಯೂ ಬಂದಿತು. ಅಪಘಾತವನ್ನು ಪೊಲೀಸರಿಗೆ ತಿಳಿಸಿದರೆ ಗಾಯಾಳುವಿಗೇ ಲಾಭ.

ಇದೇ ಕಾಯ್ದೆಯ 199ಎ ಕಲಮನ್ನು ಪಾಲಕರು ಎರಡು ಸಲ ಓದಬೇಕು. ಅಪ್ರಾಪ್ತ ವಯಸ್ಸಿನ ಮಗ ಬೈಕು ಓಡಿಸಿ ಅಪರಾಧವಾದರೆ ತಪ್ಪಿತಸ್ಥರು ಪಾಲಕರು ಅಥವಾ ವಾಹನದ ಮಾಲೀಕರು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ಟ್ಯೂಶನ್ನಿಗೆ ತಡವಾಗುತ್ತದೆ, ಹೋಗಿ ಬರಲಿ ಬಿಡಿ" ಎನ್ನುವವರು ಒಂದು ಸಣ್ಣ ಲೆಕ್ಕ ಮಾಡಲಿ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದ ದನವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡು ಹಿಡಿದರೆ ಗಾಡಿ ಆಗಲೇ 17 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕು ಹಿಡಿಯುವುದು ಆಮೇಲೆ. ನಮ್ಮ ಮಳೆಗಾಲದ ರಸ್ತೆಯಲ್ಲಿ ಆ ದೂರ ಇನ್ನೂ ಹೆಚ್ಚು.

ಹಣ ಓಡುವ ವೇಗ

ಹಿಂದೆ ಕಳ್ಳ ಮನೆಗೆ ಬರಬೇಕಿತ್ತು, ಈಗ ಫೋನಿಗೆ ಬಂದರೆ ಸಾಕು. "ನಿಮ್ಮ ಮಗನ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎಂದು ಸಮವಸ್ತ್ರ ತೊಟ್ಟವನೊಬ್ಬ ವಿಡಿಯೋದಲ್ಲಿ ಗದರಿಸುತ್ತಾನೆ. ನಮ್ಮ ದೇಶದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ಆದರೂ ಓದಿದವರೇ ಮೋಸ ಹೋಗುತ್ತಾರೆ. ಪೊಲೀಸ್ ಎಂದೊಡನೆ ಕೈಕಾಲು ನಡುಗುವ ನಮ್ಮ ಹಳೆಯ ಅಭ್ಯಾಸವೇ ಕಳ್ಳನ ಬಂಡವಾಳ. ಠಾಣೆಯ ಪರಿಚಯವಿದ್ದವರಾದರೆ "ಸರಿಯಪ್ಪ, ನಮ್ಮೂರ ಠಾಣೆಗೆ ಹೋಗಿ ವಿಚಾರಿಸುತ್ತೇನೆ" ಎಂದು ಫೋನ್ ಇಟ್ಟಾರು!

ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ನಿಮ್ಮ ಖಾತೆಯಿಂದ ಹೋದ ಹಣ ಇನ್ನೊಂದು ಖಾತೆಗೆ, ಅಲ್ಲಿಂದ ಹತ್ತು ಖಾತೆಗಳಿಗೆ ಹರಿದು, ಕೊನೆಗೆ ಎ.ಟಿ.ಎಂ.ನಿಂದ ಹೊರಬೀಳುತ್ತದೆ. 1930ರ ಮೂಲಕ ದೂರು ಬ್ಯಾಂಕುಗಳಿಗೆ ಮುಟ್ಟಿದರೆ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದಲ್ಲಿ ಅದನ್ನು ಅಲ್ಲೇ ತಡೆಹಿಡಿಯಲು ಸಾಧ್ಯ. ಮನೆಯವರು ಬೈಯುತ್ತಾರೆಂದು ಎರಡು ದಿನ ಮುಚ್ಚಿಟ್ಟರೆ ತಡೆಯಲು ಏನೂ ಉಳಿದಿರುವುದಿಲ್ಲ. ದೊಡ್ಡ ಪ್ರಕರಣಗಳನ್ನು ಕಾರವಾರದ ಸಿ.ಇ.ಎನ್. ಅಪರಾಧ ಠಾಣೆ ನೋಡಿಕೊಳ್ಳುತ್ತದೆ.

ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. "ನಿನ್ನ ಬ್ಯಾಂಕ್ ಖಾತೆ, ಸಿಮ್ ಕಾರ್ಡು ಸ್ವಲ್ಪ ದಿನ ಕೊಡು, ಐದು ಸಾವಿರ ಕೊಡುತ್ತೇನೆ" ಎನ್ನುವವರು ಸಿಗುತ್ತಾರೆ. ಮೇಲೆ ಹೇಳಿದ ಹತ್ತು ಖಾತೆಗಳಲ್ಲಿ ಒಂದು ನಿಮ್ಮದಾಗುತ್ತದೆ. ಕಳ್ಳ ಸಿಗದಿದ್ದರೂ ಖಾತೆಯ ಹೆಸರಿನ ನೀವು ಸಿಗುತ್ತೀರಿ.

ಮಗು ಬಾಯಿ ಬಿಡಲಾರದ ಮಾತು

ಈಗ ಅತ್ಯಂತ ಸೂಕ್ಷ್ಮವಾದ ವಿಷಯ. ಮಗುವಿನ ಮೇಲೆ ಯಾರಾದರೂ ಕೆಟ್ಟದಾಗಿ ಕೈ ಹಾಕಿದರೆ, ಅವನು ಮೊದಲು ಹೇಳುವುದು "ಹೇಳಿದರೆ ಪೊಲೀಸರು ನಿನ್ನನ್ನೇ ಹಿಡಿದುಕೊಂಡು ಹೋಗುತ್ತಾರೆ" ಎಂದು. ಊಟ ಮಾಡಿಸಲು ನಾವು ಬಳಸಿದ ಅದೇ ಗುಮ್ಮ! ನಾವೇ ಬಿತ್ತಿದ ಭಯ ದುಷ್ಟನಿಗೆ ಬೇಲಿಯಾಗುತ್ತದೆ. ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

2012ರ ಪೋಕ್ಸೋ ಕಾಯ್ದೆ ಈ ಭಯಕ್ಕೆ ಉತ್ತರ ಕೊಟ್ಟಿದೆ. ಮಗುವನ್ನು ಠಾಣೆಗೆ ಎಳೆದಾಡಬೇಕಿಲ್ಲ. ಮಗುವಿನ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ, ಪಾಲಕರು ಅಥವಾ ಮಗುವಿಗೆ ನಂಬಿಕೆಯಿರುವವರ ಎದುರಿನಲ್ಲಿ ಹೇಳಿಕೆ ಬರೆದುಕೊಳ್ಳಬೇಕು. ಸಾಧ್ಯವಿದ್ದಷ್ಟೂ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಇದನ್ನು ಮಾಡಬೇಕು. ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಸರು ಬಹಿರಂಗವಾಗಬಾರದು. ವಿಷಯ ತಿಳಿದವರು, ನಮ್ಮಂಥ ಶಿಕ್ಷಕರೂ ಸೇರಿ, ತಿಳಿಸದೆ ಸುಮ್ಮನಿದ್ದರೆ ಅದೇ ಅಪರಾಧ. ಪ್ರತಿ ಠಾಣೆಯಲ್ಲೂ ಎ.ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ನಿಮ್ಮೂರ ಠಾಣೆಯಲ್ಲಿ ಅವರು ಯಾರೆಂದು ಕೇಳಿ ತಿಳಿಯುವುದು ಪಾಲಕರ ಹಕ್ಕು. ಮಕ್ಕಳೇ ನೇರವಾಗಿ ಮಾತಾಡಲು 1098 ಸಹಾಯವಾಣಿ ಇದೆ, ಮಹಿಳೆಯರಿಗೆ 181.

ಠಾಣೆಯೊಳಗೆ ಹೋದಾಗ

ಓದು ಬರಹ ಬಾರದವರೂ ದೂರು ಕೊಡಬಹುದು. ಬಾಯಿಮಾತಿನಲ್ಲಿ ಹೇಳಿದ್ದನ್ನು ಅಧಿಕಾರಿ ಬರೆದುಕೊಂಡು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು. ಎಫ್.ಐ.ಆರ್. ಆದರೆ ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಧಾರವಾಡದ ಬಸ್ ನಿಲ್ದಾಣದಲ್ಲಿ ಬ್ಯಾಗು ಕಳುವಾದ ಹಳಿಯಾಳದ ವಿದ್ಯಾರ್ಥಿನಿ ಹಳಿಯಾಳದಲ್ಲೇ ದೂರು ಬರೆಸಬಹುದು. ಸಾಕ್ಷಿ ಹೇಳಬೇಕಾದ ಮಹಿಳೆಯರು, 15ರೊಳಗಿನ ಹುಡುಗರು, 60 ದಾಟಿದ ಹಿರಿಯರನ್ನು ಠಾಣೆಗೆ ಬರಲೇಬೇಕೆಂದು ಕರೆಯುವಂತಿಲ್ಲ. ಪೊಲೀಸರೇ ಅವರ ಮನೆಗೆ ಹೋಗಬೇಕು.

ಅಂಕಪಟ್ಟಿಯಂಥ ಕಾಗದಪತ್ರ ಕಳೆದರೆ ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದಾಖಲಿಸಿ ರಸೀದಿ ಪಡೆಯಬಹುದು. ಮೊಬೈಲ್ ಕಳೆದರೆ ಠಾಣೆಗೆ ತಿಳಿಸಿ, ಸಂಚಾರ್ ಸಾಥಿ ಜಾಲತಾಣದಲ್ಲಿ ಅದರ ಐ.ಎಂ.ಇ.ಐ. ಸಂಖ್ಯೆ ಕೊಟ್ಟು ಫೋನನ್ನು ನಿರ್ಬಂಧಿಸಬಹುದು. *#06# ಒತ್ತಿದರೆ ಆ 15 ಅಂಕಿಗಳು ಕಾಣುತ್ತವೆ. ಫೋನ್ ಕೈಯಲ್ಲಿರುವಾಗಲೇ ಬರೆದಿಟ್ಟುಕೊಳ್ಳಬೇಕು ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಎಲ್ಲ ಠಾಣೆಗಳಲ್ಲೂ ಎಲ್ಲ ಹೊತ್ತಿನಲ್ಲೂ ನಗುಮೊಗದ ಸ್ವಾಗತ ಸಿಗುತ್ತದೆ ಎಂದು ನಾನು ಹೇಳಲಾರೆ. "ನಾಳೆ ಬಾ" ಎನ್ನುವವರೂ ಇದ್ದಾರೆ. ಆಗ ಜಗಳ ಬೇಡ. ಗಂಭೀರ ಅಪರಾಧದ ದೂರನ್ನು ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ದೂರನ್ನು ಬರೆದು ಕಾರವಾರದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕಾನೂನು ಬಲ್ಲವನಿಗೆ "ನಾಳೆ ಬಾ" ಎನ್ನುವವರು ಕಡಿಮೆ.

ಈ ವಾರದ ಮನೆಗೆಲಸ

ಕರ್ನಾಟಕದ ಠಾಣೆಗಳಲ್ಲಿ ಶಾಲಾ ಮಕ್ಕಳನ್ನು ಕರೆದು ತೋರಿಸುವ "ತೆರೆದ ಮನೆ" ಎಂಬ ಕಾರ್ಯಕ್ರಮವಿದೆ. ಪ್ರತಿ ಊರು, ಬಡಾವಣೆಗೂ ಒಬ್ಬ ಬೀಟ್ ಪೊಲೀಸ್ ಇರುತ್ತಾರೆ. 2025ರಲ್ಲಿ "ಮನೆ ಮನೆಗೆ ಪೊಲೀಸ್" ಎಂಬ ಕಾರ್ಯಕ್ರಮವೂ ಶುರುವಾಗಿದೆ. ಶಾಲೆಯವರು ಠಾಣೆಗೆ ಒಂದು ಪತ್ರ ಬರೆದು ಮಕ್ಕಳನ್ನು ಕರೆದೊಯ್ಯಲಿ. ಕೈಕೋಳ ಮತ್ತು ಲಾಕಪ್ ನೋಡಿ ಬಂದರೆ ಸಾಲದು. ದೂರು ಬರೆಯುವ ಮೇಜು ಯಾವುದು, ಮಕ್ಕಳ ಅಧಿಕಾರಿ ಯಾರು ಎಂಬುದನ್ನೂ ಕೇಳಿ ಬರಬೇಕು.

ಮನೆಯಲ್ಲಿ ಮಾಡುವುದು ಇನ್ನೂ ಸುಲಭ. ನೋಟುಬುಕ್ಕಿನ ಒಂದು ಹಾಳೆಯಲ್ಲಿ 112, 108, 1098, 181, 1930 ಬರೆಯಿರಿ. ಕೆಳಗೆ ನಿಮ್ಮ ಠಾಣೆಯ ದೂರವಾಣಿ ಸಂಖ್ಯೆ, ಬೀಟ್ ಪೊಲೀಸರ ಹೆಸರು ಬರೆಯಿರಿ. ಅದರ ಕೆಳಗೆ ನಿಮ್ಮ ಮನೆಯ ವಿಳಾಸವನ್ನು ಬೆಂಗಳೂರಿನಲ್ಲಿ ಕುಳಿತವರಿಗೂ ಅರ್ಥವಾಗುವಂತೆ ಜಿಲ್ಲೆಯಿಂದ ಹಿಡಿದು ಬಾಗಿಲಿನವರೆಗೆ ಬರೆಯಿರಿ. ಹಾಳೆಯನ್ನು ಅಡಿಗೆಮನೆಯ ಗೋಡೆಗೆ, ಮನೆಯ ಅತ್ಯಂತ ಸಣ್ಣವರ ಕಣ್ಣಿನ ಎತ್ತರಕ್ಕೆ ಅಂಟಿಸಿ. ಅಜ್ಜಿಗೂ ಓದಿ ಹೇಳಿ.

ಮತ್ತೆ ಪಾಲಕರಲ್ಲಿ ಒಂದು ವಿನಂತಿ. ಮಗು ಊಟ ಮಾಡದಿದ್ದರೆ ಚಂದಮಾಮನನ್ನು ಕರೆಯಿರಿ, ಕಾಗೆ ಗುಬ್ಬಿಯನ್ನು ಕರೆಯಿರಿ, ಪೊಲೀಸರನ್ನು ಮಾತ್ರ ಕರೆಯಬೇಡಿ. ಮುಂದೊಂದು ದಿನ ಅದೇ ಮಗು ಯಾವುದೋ ಕಾಡುದಾರಿಯಲ್ಲಿ ನಿಂತು ಅವರನ್ನು ನಿಜವಾಗಿಯೂ ಕರೆಯಬೇಕಾಗಿ ಬಂದೀತು. ಆಗ ಅದರ ದನಿ ನಡುಗಬಾರದು.